ಒಂದ ಬೆರಳ ಬಟ್ಟಿ

ಹತ್ತು ಪಾಯಿಂಟಿನಿಂದ ಸೋತಿದ್ರ
ರಾತ್ರಿ ನಿದ್ದಿ ಹತ್ತತಿತ್ತು.
ಹತ್ತಕ್ಕ ಕಾರಣಾನೂ ಹತ್ತು ಇರತಾವ,
ಒಬ್ಬೊಬ್ಬರ ಹೆಗಲ ಮ್ಯಾಲ ಒಂದೊಂದು ಹೇರಿ
ಮಗ್ಗಲಾ ಬದಲಿಸಬಹುದು.
ಮೂವತ್ತೊಂದು, ಮೂವತ್ತೆರಡು.
ಈ ಒಂದನ್ನ ಎಲ್ಲಿ ಇಡಲಿ?

ಮಹಾಲಿಂಗಪುರದಿಂದ ಟೆಂಪೋದಾಗ ಹೊಳ್ಳಿ ಬರೂವಾಗ
ಯಾರೂ ಮಾತಾಡಲಿಲ್ಲ.
ಗೆಲ್ಲೂದು ಖರೇನ ಅಂತ ಹೋಗೂವಾಗಲೇ ಹಚ್ಚಿದ ಗುಲಾಲು
ಹುಬ್ಬಿನಾಗ ಹಂಗ ಇತ್ತು.
ಸೀಟಿನ ಬುಡಕ ಪಟಾಕಿ ಸರ,
ಮದಿವಿ ಮುರದ ಮನ್ಯಾಗ ಉಳದ ಬುಂದೇದಂಗ.
ಬನಹಟ್ಟಿ ಹತ್ತರ ಬಂದಾಗ ಮಗ್ಗದ ಸಪ್ಪಳ.
ರಾತ್ರಿ ಪಾಳಿಯವರಿಗಿ ಇನ್ನೂ ಸುದ್ದಿ ಮುಟ್ಟಿರಲಿಲ್ಲ,
ಖಟ್ ಖಟ್, ಖಟ್ ಖಟ್,
ನಾವಿನ್ನೂ ಸೋತೇ ಇಲ್ಲ ಅಂಬಂಗ.

ಹದಿನಾಲ್ಕು ವರ್ಷ ಆತು,
ಸೋಮವಾರ ಪೇಟೆ ತಂಡದ ಅಂಗಿ ಹೊಲಿಯಾಂವ ನಾನ.
ಕಬಡ್ಡಿ ಆಡೂದು ದಸ್ತಗೀರನ ಹಣೇದಾಗ ಬರದಿರಲಿಲ್ಲ,
ಎಡಗಾಲು ಹುಟ್ಟಾ ಗಿಡ್ಡ,
ಮಿಷಿನ್ ಪೆಡಲಿಗಿ ಅಷ್ಟ ಸಾಕು.
ಏಳೂ ಅಂಗಿ ಒಳಗ ನಾನೂ ಓಡತೀನಿ
ಅಂತ ಯಾರ ಮುಂದೂ ಹೇಳಿದಾಂವಲ್ಲ.

ಈ ಸಲ ಯಲ್ಲಾಲಿಂಗ ಹೊಸಬ. ಹದಿನೇಳು ವರ್ಷ.
ಅಳತಿ ಕೊಡಾಕ ನಿಂತಾಗ ಉಸರು ಬಿಗಿ ಹಿಡದು
ಎದಿ ಉಬ್ಬಿಸಿದ.
'ಮೈಗಿ ಹತ್ತಿಕೊಂಡ ಇರಲಿ ಚಾಚಾ,
ರೇಡರ್ ಕೈಗಿ ಸಿಗಬಾರದು' ಅಂದ.
ಹೂಂ ಅಂದ್ನಿ.
ಕತ್ರಿ ಮಾತ್ರ ತನ್ನ ಹಳೇ ಚಾಳಿ ಬಿಡಲಿಲ್ಲ.
ಬೆಳಿಯೂ ಹುಡುಗ, ಮುಂದಿನ ವರ್ಷಕ್ಕೂ ಬರಲಿ ಅಂತ
ಒಂದ ಬೆರಳ ಬಟ್ಟಿ ಹೆಚ್ಚಿಗಿ ಬಿಟ್ಟಿತು.
ನಮ್ಮಪ್ಪನೂ ಹಂಗ ಬಿಡತಿದ್ದ, ನನ್ನ ಈದಿನ ಅಂಗಿಗಿ.

ಕಡೀ ರೇಡು. ಮೂವತ್ತೊಂದು, ಮೂವತ್ತೊಂದು.
ಮುಧೋಳದ ಹುಡುಗ ಬರಿಗೈಲೆ ಹೊಳ್ಳಿದ್ದ,
ಗೆರಿ ಕಡೆ ಜಿಗಿಯೂವಾಗ ಬೆನ್ನ ಹಿಂದ ಬೀಸಿದ ಕೈ.
ಮೈಗಿ ತಾಗಲಿಲ್ಲ.
ಅಲ್ಲಾನ ಆಣಿ, ಮೈಗಿ ತಾಗಲಿಲ್ಲ.
ರೆಫ್ರಿ ಬೆರಳು ಎತ್ತಲಿಲ್ಲ,
ಇನ್ನ ಐದೈದು ರೇಡು ಅಂತ
ನಮ್ಮ ಮಂದಿ ಆಗಲೇ ಎದ್ದು ನಿಂತಿದ್ರು.
ಆಗ ಯಲ್ಲಾಲಿಂಗ
ತನ್ನ ಅಂಗಿ ಅಂಚಿನ ಕಡೆ ನೋಡಿದ.
ಅಷ್ಟ.
ಅಂವ ನೋಡಿದ್ದನ್ನ ರೆಫ್ರಿ ನೋಡಿದ.

ಮುಂಜಾನೆ ಚಾದಂಗಡ್ಯಾಗ
ರೆಫ್ರಿ ಮುಧೋಳದ ಅಳಿಯ ಅಂದ ಒಬ್ಬ.
ಮ್ಯಾಟ್ ಹಸಿ ಇತ್ತು ಅಂದ ಮತ್ತೊಬ್ಬ.
'ಆ ಖೋಡಿ ಕೆಳಗ್ಯಾಕ ನೋಡಬೇಕಿತ್ತು,
ಮುಗಲ ನೋಡಿದ್ರ ಏನಾಗತಿತ್ತು'
ಅಂತ ಮಲ್ಲೇಶಿ ಬಶಿ ಕುಕ್ಕಿದ.
ನಾ ಆರಿದ ಚಾ ಊದಕೋತ ಕುಂತಿದ್ನಿ.
ಅಂಗಿ ಯಾರ ಹೊಲದ್ರು ಅಂತ ಒಬ್ಬರೂ ಕೇಳಲಿಲ್ಲ.
ಕೇಳಿದ್ರ ಹಗುರ ಆಗತಿತ್ತೇನೋ.

ಮಧ್ಯಾಹ್ನ ಬಂದ ಯಲ್ಲಾಲಿಂಗ,
ಅಂಗಿ ಚೀಲದಾಗ ತುರುಕಿಕೊಂಡು.
'ಬಗಲಾಗ ಹೊಲಗಿ ಬಿಚ್ಚೇತಿ ಚಾಚಾ.'
ಅಂಚಿಗಿ ಏನೂ ಆಗಿರಲಿಲ್ಲ,
ಹೊಸಾ ಅಂಗಿ ಅಂಚು ಹೆಂಗಿರತೈತಿ ಹಂಗ ಇತ್ತು.
ಸುಮ್ನ ಟೇಪು ಹಿಡದ್ನಿ. ಎದಿ, ಉದ್ದ, ಭುಜ.
ಈ ಸಲ ಅಂವ ಉಸರು ಬಿಗಿ ಹಿಡೀಲಿಲ್ಲ.
ಭುಜ ಅರ್ಧ ಇಂಚು ಬೆಳದಾವ.

'ಅಂಚು ಒಳಗ ಮಡಚಲೇನ?'
ಕೇಳಿದ ಮ್ಯಾಲ ನನ್ನ ದನಿ ನನಗ ಗುರುತ ಹತ್ತಲಿಲ್ಲ.
ಅಂವ ಗ್ವಾಡಿ ಮ್ಯಾಲಿನ ಹಳೇ ತಂಡದ ಫೋಟೋ
ಎಣಿಸಿಕೋತ ನಿಂತಂಗ ನಿಂತ.
ಆಮ್ಯಾಲ, 'ಇರಲಿ ಬಿಡು' ಅಂದ,
'ಬರೂ ವರ್ಷಕ್ಕ ಬೇಕಾಗತೈತಿ.'

ಸೂಜಿಗಿ ದಾರ ಮೂರು ಸಲ ತಪ್ಪಿತು.
ಬಗಲಿಗಿ ಜೋಡಿ ಹೊಲಗಿ ಹಾಕಿ ಕೊಟ್ನಿ.
ರೊಕ್ಕ ಬ್ಯಾಡ ಅನ್ನಬೇಕಂತ ಮಾಡಿದ್ನಿ.
ಅಷ್ಟರಾಗ ಆ ಮಗ
ಕೊಡದನ ಸೈಕಲ್ ಹತ್ತಿದ್ದ.